ಕೆರೆಗೆ ಇಳಿದ ಹೊಲ

ನಾನು ಜೆಸಿಬಿ ಓಡಿಸುವವನು. ಹೋದ ಬೇಸಿಗೆಯಲ್ಲಿ ಸಾತನೂರು ಕಡೆಯ ಒಂದು ಕೆರೆಯಲ್ಲಿ ಹೂಳು ಎತ್ತುತ್ತಿದ್ದೆ. ಆ ಮಣ್ಣನ್ನು ಹೊಲಕ್ಕೆ ಹೊಡೆಸಿಕೊಳ್ಳಲು ರೈತರು ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದರು. ಮುಂದಿದ್ದದ್ದು ಕೆಂಪಣ್ಣನವರದು. ಇನ್ನೇನು ಅದಕ್ಕೆ ಮಣ್ಣು ಸುರಿಯಬೇಕು, ವಯಸ್ಸಾದ ಹೆಂಗಸೊಬ್ಬರು ಓಡಿಬಂದು ಬಕೆಟ್ಟಿನ ಮುಂದೆಯೇ ನಿಂತುಬಿಟ್ಟರು. ಗಾಬರಿಯಾಗಿ ಮೆಷಿನ್ ಆಫ್ ಮಾಡಿದೆ.

“ಈ ಮಣ್ಣು ನಂದು ಕಣಪ್ಪ, ಯಾರ್ಗೂ ಕೊಡ್ಬ್ಯಾಡ” ಅಂದರು.

ಕೆಂಪಣ್ಣ ನಕ್ಕರು. “ಕೆರೆ ಮಣ್ಣು ನಿಂದು ಹೆಂಗಾಯ್ತದೆ ಜಯಕ್ಕ?”

“ಮ್ಯಾಲಿರೋ ಹೊಲ ನಂದಲ್ವಾ? ಮಳೆ ಬಂದಾಗೆಲ್ಲ ಕೊಚ್ಕೊಂಡು ಇಲ್ಗೇ ಬಂದೈತೆ. ಅಲ್ಲಿ ಈಗ ಬರೀ ಬಂಡೆ ಐತೆ. ಅದು ಕರಗಿ ಮಣ್ಣಾಗೋಗಂಟ ನಾನು ಕಾಯೋಕಾಯ್ತದಾ?”

ತೀರ್ಪು ಹೇಳು ಅನ್ನುವಂತೆ ಇಬ್ಬರೂ ನನ್ನ ಮುಖ ನೋಡಿದರು. ನನಗೆ ಗೊತ್ತಿರುವುದು ಅಗೆಯುವುದಷ್ಟೇ. “ಹೋಗಿ ನೋಡೇಬಿಡೋಣ” ಅಂದೆ.

ಮೂವರೂ ದಿಬ್ಬ ಹತ್ತಿದೆವು. ರಾಗಿಯ ಕೂಳೆಗಳ ನಡುವೆ ಬಂಡೆ ಹಲ್ಲು ಕಿರಿದುಕೊಂಡು ಎದ್ದಿತ್ತು. ಬದು ಒಡೆದ ಜಾಗದಿಂದ ನೀರಿನ ಕೊರಕಲು ನೆಟ್ಟಗೆ ಕೆರೆಗೇ ಇಳಿದಿತ್ತು. ಕೆಂಪಣ್ಣ ತಲೆ ಕೆರೆದುಕೊಂಡರು.

“ನೀನು ಹೇಳೋದು ನಿಜಾನೇ ಕಣಕ್ಕ. ಮೊದ್ಲು ನಿಂಗೇ ಹೊಡ್ಸ್ತೀನಿ, ನನ್ ಟ್ರ್ಯಾಕ್ಟರ್ನಾಗೇ. ಆದ್ರೆ ಬದು ಹಾಕಿಸ್ಕೊ. ಮತ್ತೆ ಕೆರೆಗೆ ಬುಟ್ರೆ ನಾನಂತೂ ವಾಪಸ್ ಕೊಡಾಕಿಲ್ಲ.”

ಜಯಮ್ಮ ಬಾಯ್ತುಂಬ ನಕ್ಕರು. ಅವರ ಹೊಲಕ್ಕೆ ಮಣ್ಣು ಬಿತ್ತು, ಬದುವನ್ನು ನಾನೇ ಎತ್ತರಿಸಿಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿದ್ದವರೆಲ್ಲ ಹೂಳಿನಲ್ಲಿ ತಮ್ಮ ತಮ್ಮ ಹೊಲದ ಮಣ್ಣನ್ನು ಗುರುತು ಹಿಡಿಯತೊಡಗಿದರು. ಅವರಲ್ಲೊಬ್ಬರ ಹೊಲ ಇದ್ದದ್ದು ಕೆರೆಯ ಕೆಳಗೆ.