ಕೆಂಪು ಟ್ಯಾಂಕಿನ ಗಾಡಿಯ ಕುತ್ತಿಗೆ

ಇದನ್ನು ಹೇಳುವುದನ್ನು ಆರು ವರ್ಷಗಳಿಂದ ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಕೆಲಸದ ನೆಪ ಇತ್ತು. ಕೆಲಸ ಬಿಟ್ಟ ಮೇಲೆ ಕಣ್ಣಿನ ಪೊರೆಯ ನೆಪ ಸಿಕ್ಕಿತು. ಪೊರೆ ತೆಗೆಸಿ ಎರಡು ವರ್ಷವಾಯಿತು, ಪೇಪರು ಚೆನ್ನಾಗಿಯೇ ಓದುತ್ತೇನೆ. ಮುಂದಿನ ತಿಂಗಳು ಹಜ್ಜಿಗೆ ಹೊರಡಬೇಕು. ಇನ್ನು ನೆಪ ಉಳಿದಿಲ್ಲ.

ನಾನು ದಕ್ಷಿಣ ಕನ್ನಡದ ಬ್ಯಾರಿ. ಎಸ್ಸೆಸ್ಸೆಲ್ಸಿ ಮುಗಿಸಿ, ಊರಿನ ಸೈಕಲ್ ಶಾಪಿನಲ್ಲಿ ನಾಲ್ಕು ವರ್ಷ ಪಂಕ್ಚರ್ ಹಾಕಿ, ಕುವೈತಿಗೆ ಬಂದವನು. ಇಲ್ಲಿ ಹಳೆಯ ಮೋಟಾರ್ ಸೈಕಲ್‌ಗಳ ಯಾರ್ಡೊಂದರಲ್ಲಿ ಸೇರಿಕೊಂಡೆ. ಕೊನೆಯ ಹದಿನೈದು ವರ್ಷ ಅಲ್ಲಿನ ಮೇಸ್ತ್ರಿ ನಾನೇ. ಯಾರ್ಡಿಗೆ ಬರುತ್ತಿದ್ದದ್ದು ಹೆಚ್ಚಾಗಿ ಎಪ್ಪತ್ತು, ಎಂಬತ್ತರ ದಶಕದ ಜಪಾನ್ ಗಾಡಿಗಳು. ಯಾರದೋ ಮನೆಯ ಹಿಂದೆಯೋ, ಮರಳುಗಾಡಿನ ಡೇರೆಯ ಪಕ್ಕದಲ್ಲೋ ವರ್ಷಗಟ್ಟಲೆ ಬಿದ್ದಿದ್ದವು. ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗಿಂದ ಮರಳು ಸುರಿಯುತ್ತಿತ್ತು. ತೊಳೆದು, ಹೊಸ ಪ್ಲಗ್ ಹಾಕಿ ಕಿಕ್ ಹೊಡೆದರೆ ನಾಲ್ಕನೆಯದಕ್ಕೋ ಐದನೆಯದಕ್ಕೋ ಕೆಮ್ಮುತ್ತಾ ಎದ್ದುಬಿಡುತ್ತಿದ್ದವು. ಅವನ್ನು ಕಂಟೇನರಿಗೆ ತುಂಬಿ ಆಫ್ರಿಕಾಕ್ಕೆ ಕಳುಹಿಸುತ್ತಿದ್ದೆವು. ಇಲ್ಲಿ ಯಾರಿಗೂ ಬೇಡವಾದ ಗಾಡಿಯಿಂದ ಅಲ್ಲಿ ಒಂದು ಮನೆ ಉಣ್ಣುತ್ತಿತ್ತು.

ಯಾರ್ಡಿನಲ್ಲಿ ನಾನೇ ಮಾಡಿದ ಒಂದು ನಿಯಮವಿತ್ತು. ಹ್ಯಾಂಡಲ್ ಬಂದು ಚಾಸಿಗೆ ಕೂರುವ ಜಾಗವನ್ನು ನಾವು ಕುತ್ತಿಗೆ ಎನ್ನುತ್ತಿದ್ದೆವು. ಅಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಗಾಡಿಯನ್ನು ಓಡಿಸಲು ಕೊಡಬಾರದು. ಎಂಜಿನ್, ಚಕ್ರ ಬಿಚ್ಚಿಕೊಂಡು ಉಳಿದದ್ದನ್ನು ಕತ್ತರಿಸಬೇಕು. ಅಂಥ ಗಾಡಿಯ ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ‘ಖಲಾಸ್’ ಎಂದು ಅರಬ್ಬಿಯಲ್ಲಿ ಬರೆಯುತ್ತಿದ್ದೆವು. ಮುಗಿಯಿತು, ಕೆಟ್ಟಿತು ಎಂದು ಅರ್ಥ. ಆದರೆ ಕುವೈತಿನಲ್ಲಿ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವವನೂ ಖಲಾಸ್ ಎನ್ನುತ್ತಾನೆ. ರಿಪೇರಿ ಆಯಿತು, ಸರಿಯಾಯಿತು, ತೆಗೆದುಕೊಂಡು ಹೋಗು ಎಂದೂ ಅದೇ ಮಾತು.

ಕುವೈತ್ ನಗರದ ಶರ್ಕ್‌ನ ಒಂದು ಆಫೀಸು ಕಟ್ಟಡದ ಕಾವಲುಗಾರ ನಮ್ಮ ಯಾರ್ಡಿಗೆ ಶುಕ್ರವಾರ ಶುಕ್ರವಾರ ಬರುತ್ತಿದ್ದ. ಉಗಾಂಡದವನು, ಆಗ ನಲವತ್ತರ ಹತ್ತಿರ. ನಮ್ಮಿಬ್ಬರ ಮಾತು ಅರ್ಧ ಹಿಂದಿ, ಕಾಲು ಅರಬ್ಬಿ, ಉಳಿದದ್ದು ಕೈಸನ್ನೆ. ಇಲ್ಲಿ ಕನ್ನಡದಲ್ಲಿಯೇ ಬರೆಯುತ್ತೇನೆ. ನನ್ನ ಗಡ್ಡ ನೋಡಿ ಮೊದಲ ದಿನವೇ "ಹಾಜಿ" ಎಂದ.

"ಹಜ್ಜಿಗೆ ಇನ್ನೂ ಹೋಗಿಲ್ಲ ಭಾಯಿ."

"ಇಷ್ಟು ಹತ್ತಿರ ಇದ್ದೂ ಹೋಗಿಲ್ಲವಾ? ನಮ್ಮೂರಿನ ಮುದುಕರು ಅಷ್ಟು ದೂರದಿಂದ ಹೋಗಿಬರ್ತಾರೆ. ನೀನು ಬರೀ ಗಡ್ಡದ ಹಾಜಿ."

ಗಾಡಿಗಳ ನಡುವೆ ಓಡಾಡುತ್ತಾ ಅವನು ಫೋನಿನಲ್ಲಿ ಊರಿನ ವಿಡಿಯೋ ತೋರಿಸುತ್ತಿದ್ದ. ನಮ್ಮ ಯಾರ್ಡಿನಲ್ಲಿ ತುಕ್ಕು ಹಿಡಿದಿದ್ದಂಥವೇ ಗಾಡಿಗಳು ಕೆಂಪು ಮಣ್ಣಿನ ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದವು. ಒಂದರ ಮೇಲೆ ಆಳೆತ್ತರ ಬಾಳೆಗೊನೆ, ಇನ್ನೊಂದರ ಮೇಲೆ ಸೋಫಾ. ಮತ್ತೊಂದರ ಮೇಲೆ ಸವಾರನಿಗೂ ತನ್ನ ತಾಯಿಗೂ ನಡುವೆ ಬಟ್ಟೆಯಲ್ಲಿ ಬಿಗಿದು ಕೂರಿಸಿದ ಬಸುರಿ ಹೆಂಗಸು, ಆಸ್ಪತ್ರೆಗೆ. ಬಾಡಿಗೆಗೆ ಓಡುವ ಈ ಗಾಡಿಗಳಿಗೆ ಅಲ್ಲಿ ಬೋಡಾ ಎನ್ನುತ್ತಾರೆ. ಅವನ ಅಪ್ಪ ಶಾಲೆಯ ಮೇಷ್ಟ್ರು, ಒಂದೇ ಜಪಾನ್ ಗಾಡಿಯನ್ನು ಮೂವತ್ತು ವರ್ಷ ಓಡಿಸಿದವರು. ಸೀಟಿಗೆ ಗೋಣಿ, ಬ್ರೇಕಿಗೆ ಲಾರಿ ಟಯರಿನ ತುಂಡು ಹಾಕಿ ಓಡಿಸಿದರಂತೆ. ಜಪಾನ್ ಗಾಡಿ ತಾನಾಗಿ ಸಾಯುವುದಿಲ್ಲ, ಸವಾರ ಕೊಲ್ಲಬೇಕು ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರಂತೆ. ಈಗ ತಮ್ಮನಿಗೆ ಅದೇ ಮಾದರಿಯ ಗಾಡಿ ಕಳುಹಿಸಬೇಕು, ಅವನು ಬೋಡಾ ಓಡಿಸಿ ಮನೆ ನಿಲ್ಲಿಸುತ್ತಾನೆ ಎಂಬುದು ಇವನ ಆಸೆ.

ಅಂಥ ಎರಡು ಗಾಡಿ ನಮ್ಮಲ್ಲಿದ್ದವು. ಎರಡಕ್ಕೂ ಕೆಂಪು ಟ್ಯಾಂಕು. ಒಂದು ಗಟ್ಟಿಮುಟ್ಟಾದದ್ದು, ಇನ್ನೊಂದರ ಕುತ್ತಿಗೆಯಲ್ಲಿ ಬಿರುಕು. ಅವನು ಒಳ್ಳೆಯದನ್ನು ಆರಿಸಿ, ಸೀಟಿನ ಮೇಲೆ ಕೂತು ಫೋಟೋ ತೆಗೆಸಿಕೊಂಡು ಹೋದ. ಮರುವಾರ ಬೇರೊಬ್ಬ ವ್ಯಾಪಾರಿಯ ಕಂಟೇನರ್ ತುಂಬುವಾಗ ಆ ಗಾಡಿಯನ್ನು ನಾನು ಗಮನಿಸದೆ ಅದರೊಳಗೆ ಏರಿಸಿಬಿಟ್ಟೆ. ಕಂಟೇನರ್ ಬಂದರಿಗೆ ಹೋದ ಮೇಲೆ ಗೊತ್ತಾಯಿತು. ಯಾರ್ಡಿನ ಮಾಲೀಕ, ನಮ್ಮ ಕಫೀಲನ ಹತ್ತಿರ ಹೇಳಿದ್ದರೆ ಎರಡು ಮಾತು ಬೈದು ಸುಮ್ಮನಾಗುತ್ತಿದ್ದ. ಕಾವಲುಗಾರನಿಗೆ ಹೇಳಿದ್ದರೆ ಇನ್ನೆರಡು ತಿಂಗಳು ಕಾಯುತ್ತಿದ್ದ. ಆದರೆ ಮೇಸ್ತ್ರಿ ಎನಿಸಿಕೊಂಡವನು ಗಾಡಿ ಅದಲುಬದಲು ಮಾಡಿದ ಎಂದು ಯಾರ್ಡಿನಲ್ಲಿ ನಗುತ್ತಾರಲ್ಲ, ಅದು ನನಗೆ ಬೇಡವಾಗಿತ್ತು. ಇನ್ನೊಂದು ಕೆಂಪು ಗಾಡಿಯ ಮೇಲಿನ ಸೀಮೆಸುಣ್ಣ ಒರೆಸಿದೆ. ಕುತ್ತಿಗೆಗೆ ವೆಲ್ಡಿಂಗ್ ಕೊಟ್ಟೆ, ಗ್ರೈಂಡರ್ ಹಿಡಿದು ನುಣುಪು ಮಾಡಿದೆ, ಕಪ್ಪು ಬಣ್ಣ ಹೊಡೆದೆ. ಆ ವೆಲ್ಡಿಂಗ್ ಹೆಚ್ಚು ದಿನ ನಿಲ್ಲುವುದಿಲ್ಲವೆಂದು ಗೊತ್ತಿದ್ದೇ ಮಾಡಿದೆ.

ಶುಕ್ರವಾರ ಅವನು ಬಂದ. ಗಾಡಿ ಬೇರೆ ಎಂದು ಗೊತ್ತಾಗಲಿಲ್ಲ. ಕುತ್ತಿಗೆಯ ಮೇಲೆ ಕೈಯಾಡಿಸಿದಾಗ ಬೆರಳಿಗೆ ಬಣ್ಣ ಅಂಟಿತು.

"ಹಾಜಿ, ಇಲ್ಲೇನೋ ಕೆಲಸ ಮಾಡಿದ್ದೀ. ಎಲ್ಲ ಖಲಾಸ್?"

ಸರಿಯಾಯಿತಾ ಎಂದು ಕೇಳುತ್ತಿದ್ದಾನೆಂದು ನನಗೆ ಚೆನ್ನಾಗಿ ತಿಳಿದಿತ್ತು.

"ಖಲಾಸ್" ಎಂದೆ.

ನಾನು ನಮ್ಮ ಯಾರ್ಡಿನ ಅರ್ಥದಲ್ಲಿ ಹೇಳಿದ್ದು, ಹಾಗಾಗಿ ಸುಳ್ಳು ಹೇಳಿದಂತಾಗಲಿಲ್ಲ ಎಂದು ಆ ದಿನ ಮನಸ್ಸಿಗೆ ಹೇಳಿಕೊಂಡೆ. ಅವನು ಬೆರಳಿನ ಬಣ್ಣವನ್ನು ನನ್ನ ಅಂಗಿಗೇ ಒರೆಸಿ, "ಯಲ್ಲಾ, ಚಾಯ್ ಕುಡಿಸು" ಎಂದ. ಕುಡಿಸಿದೆ.

ಗಾಡಿ ಊರು ಸೇರಿತು. ತಮ್ಮ ಅದರ ಮೇಲೆ ನಿಂತು ಕುಣಿಯುವ ವಿಡಿಯೋ ಬಂತು. ಐದು ತಿಂಗಳಾದ ಮೇಲೆ ಒಂದು ಶುಕ್ರವಾರ ಕಾವಲುಗಾರ ಯಾರ್ಡಿಗೆ ಬಂದು ಟಯರುಗಳ ಮೇಲೆ ಕೂತ. ತಮಾಷೆ ಇಲ್ಲ. ತಮ್ಮ ಪ್ರಯಾಣಿಕನನ್ನು ಇಳಿಸಿ ಖಾಲಿ ಗಾಡಿಯಲ್ಲಿ ಇಳಿಜಾರಿನಲ್ಲಿ ಬರುವಾಗ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು. ಜೀವಕ್ಕೆ ಏನೂ ಇಲ್ಲ.

"ಕುಡಿದಿದ್ದ ಅಂತ ಅಪ್ಪ ಹೇಳ್ತಾರೆ" ಎಂದ.

"ಅವನು ಏನು ಹೇಳ್ತಾನೆ?"

"ಹ್ಯಾಂಡಲ್ ತಾನಾಗಿಯೇ ಕೈಗೆ ಬಂತಂತೆ. ಕುಡಿಯಲಿಲ್ಲ ಅಂತ ಅಮ್ಮನ ತಲೆ ಮುಟ್ಟಿ ಆಣೆ ಹಾಕ್ತಾನೆ. ಅಪ್ಪ ನಂಬುವುದಿಲ್ಲ. ಮೂವತ್ತು ವರ್ಷ ಓಡಿಸಿದವರು ಅವರು. ಮೊದಲು ಕುಡಿತಿದ್ದ ನನ್ನ ತಮ್ಮ, ಅದು ನಿಜ. ಬಿಟ್ಟಿದ್ದ. ನಾನೂ ಫೋನಿನಲ್ಲಿ ಬೈದೆ." ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದ. "ನೀನು ಹೇಳು ಹಾಜಿ. ಜಪಾನ್ ಗಾಡಿಯ ಹ್ಯಾಂಡಲ್ ಸುಮ್ಮನೆ ಹಾಗೆ ಬರುತ್ತದಾ?"

"ಇಲ್ಲ" ಎಂದೆ.

ಖಲಾಸ್ ಎಂಬುದಕ್ಕಾದರೆ ಎರಡು ಅರ್ಥವಿತ್ತು. ಇಲ್ಲ ಎಂಬುದಕ್ಕೆ ಯಾವ ಭಾಷೆಯಲ್ಲೂ ಒಂದೇ. ಮೇಸ್ತ್ರಿಯೇ ಹಾಗೆ ಹೇಳಿದ ಎಂದು ಅವನು ಅಪ್ಪನಿಗೆ ತಿಳಿಸಿದ. ಕುತ್ತಿಗೆ ಮುರಿದದ್ದು ಬಿದ್ದ ಏಟಿಗೆ ಎಂದುಕೊಂಡ ಮೇಷ್ಟ್ರು ಗಾಡಿಯನ್ನು ಗಟ್ಟಿ ಮಾಡಿಸಿ ಅಳಿಯನ ಕೈಗೆ ಕೊಟ್ಟರು. ಮಗನನ್ನು ಮನೆಯಿಂದ ಹೊರಗೆ ಹಾಕಿದರು. ಇದೆಲ್ಲ ನನಗೆ ಆಮೇಲಿನ ಶುಕ್ರವಾರಗಳಲ್ಲಿ ತುಂಡುತುಂಡಾಗಿ ತಿಳಿಯಿತು. ಕೇಳಿಸಿಕೊಳ್ಳುತ್ತಾ ನಾನು ಪ್ಲಗ್ ಉಜ್ಜುತ್ತಿದ್ದೆ.

ಈಗ ಹಜ್ಜಿನ ವಿಷಯ. ನಮ್ಮಲ್ಲಿ ಹಜ್ಜಿಗೆ ಹೊರಡುವ ಮುಂಚೆ ಪೊರುತ್ತ ಕೇಳುವ ರೂಢಿ. ಕಂಡವರ, ಪರಿಚಯದವರ ಮನೆಗೆ ಹೋಗಿ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸಿಬಿಡಿ ಎಂದು ಕೇಳಬೇಕು. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸಿಯಾನು. ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಮನ್ನಿಸಬೇಕು. ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ ಕೂತು ಊರಿನವರಿಗೆಲ್ಲ ಫೋನು ಮಾಡಿದೆ. ಹೆಂಡತಿ ಪಕ್ಕದಲ್ಲಿ ಕೂತು ನೆನಪಿಸುತ್ತಿದ್ದಳು.

"ನಿಮ್ಮ ದೊಡ್ಡಕ್ಕನಿಗೆ ಆಯ್ತಾ? ಅವರ ಜೊತೆ ಮಾತು ಬಿಟ್ಟದ್ದು ನೀವೇ."

"ಆಯ್ತು. ಅತ್ತುಬಿಟ್ಟಳು."

"ನನ್ನ ಹತ್ರ ಯಾವಾಗ ಕೇಳ್ತೀರಿ? ನಲವತ್ತು ವರ್ಷದ್ದು ಉಂಟು, ಒಂದು ದಿನ ಸಾಕಾಗ್ಲಿಕ್ಕಿಲ್ಲ."

"ನಿನ್ನದು ಕೊನೆಗೆ."

"ಹೊರಗಿನವರು ಯಾರಾದ್ರೂ ಬಾಕಿ ಉಂಟಾ?"

"ಯಾರೂ ಇಲ್ಲ" ಎಂದು ಎದ್ದು ನೀರು ಕುಡಿಯಲು ಹೋದೆ.

ಮರುದಿನ ಬಸ್ಸು ಹತ್ತಿ ಶರ್ಕ್‌ಗೆ ಹೋದೆ. ಕಾವಲುಗಾರ ಅದೇ ಕಟ್ಟಡದಲ್ಲಿದ್ದಾನೆ, ಈಗ ಸೂಪರ್‌ವೈಸರ್. ನೋಡಿದ ಕೂಡಲೇ ಓಡಿ ಬಂದು ತಬ್ಬಿಕೊಂಡ. ಎಲ್ಲವನ್ನೂ ಹೇಳಬೇಕೆಂದೇ ಹೋಗಿದ್ದೆ. ಬಾಯಿ ತೆರೆದಾಗ ಬಂದದ್ದು ಎಲ್ಲರಿಗೂ ಹೇಳಿದ ಅದೇ ಮಾತು: ಹಜ್ಜಿಗೆ ಹೋಗುತ್ತಿದ್ದೇನೆ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸು.

"ಕೊನೆಗೂ! ನಿನ್ನಿಂದ ಏನು ತಪ್ಪು? ಚಾಯ್‌ಗೆ ಸಕ್ಕರೆ ಕಡಿಮೆ ಹಾಕ್ತಿದ್ದೆ, ಅಷ್ಟೇ. ಎಲ್ಲ ಮಾಫ್."

ತಪ್ಪು ಯಾವುದೆಂದು ಹೇಳದೆ ಕ್ಷಮೆಯನ್ನು ಮಾತ್ರ ಎತ್ತಿಕೊಂಡ ಹಾಗಾಯಿತು. ತಡೆದು ಮುಂದೆ ಹೇಳೋಣ ಎನ್ನುವಷ್ಟರಲ್ಲಿ ಅವನು ಫೋನು ತೆಗೆದು ತಮ್ಮನಿಗೆ ವಿಡಿಯೋ ಕಾಲ್ ಹಚ್ಚಿಬಿಟ್ಟ.

ತಮ್ಮ ರಸ್ತೆ ಬದಿಯ ತಗಡಿನ ಮಾಡಿನ ಕೆಳಗೆ ಕೂತು ಬೋಡಾ ಗಾಡಿಗಳ ಸೀಟು ಹೊಲಿಯುತ್ತಿದ್ದ. ಒಂದು ಕಾಲನ್ನು ಮುಂದೆ ಚಾಚಿ ಕೂತಿದ್ದ, ಅದು ಮಡಚುವುದಿಲ್ಲವಂತೆ. ಅಣ್ಣ ಏನೋ ಹೇಳಿದ. ಅವನು ದಾರ ಕೆಳಗಿಟ್ಟು, ನೆಟ್ಟಗೆ ಕೂತು, ತುಂಬ ಹೊತ್ತು ಮಾತಾಡಿದ.

"ನಿನಗೆ ಸಲಾಂ ಹೇಳ್ತಿದ್ದಾನೆ" ಎಂದ ಕಾವಲುಗಾರ. ಅವನಿಗೆ ಸ್ವಲ್ಪ ಮುಜುಗರವಾಗಿತ್ತು. "ಹಳೇ ರಾಗ ಬಿಡುವುದಿಲ್ಲ ನೋಡು. ಅಪ್ಪನಿಗೆ ಎಂಬತ್ತು ದಾಟಿತು, ಇನ್ನೂ ಮನೆಗೆ ಸೇರಿಸಿಲ್ಲ. ನಿನ್ನ ಒಂದು ಮಾತಾದರೆ ಅಪ್ಪ ನಂಬ್ತಾರಂತೆ. ಹ್ಯಾಂಡಲ್ ತಾನಾಗಿ ಬರುವುದು ಸಾಧ್ಯ ಉಂಟಾ ಅಂತ ಹಾಜಿಯ ಹತ್ರ ಇನ್ನೊಂದು ಸಲ ಕೇಳು ಅಂತಾನೆ."

ಪರದೆಯಲ್ಲಿ ಆ ಮುಖ ಕಾಯುತ್ತಿತ್ತು. ನಾನು ಕಿವಿಯ ಹತ್ತಿರ ಕೈ ತಂದು, "ಹಲೋ? ಹಲೋ? ಕೇಳಿಸುವುದಿಲ್ಲ" ಎಂದೆ. ನೆಟ್‌ವರ್ಕ್ ಸರಿಯಿಲ್ಲ ಎಂದೆ. ನಮಾಜಿಗೆ ಹೊತ್ತಾಯಿತು ಎಂದೂ ಸೇರಿಸಿದೆ, ಹೊತ್ತು ಆಗಿರಲಿಲ್ಲ. ಬಸ್ಸಿನಲ್ಲಿ ಫರ್ವಾನಿಯಾ ದಾಟಿ ಎರಡು ಸ್ಟಾಪ್ ಮುಂದೆ ಹೋದ ಮೇಲೆ ಇಳಿಯುವುದು ನೆನಪಾಯಿತು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಮನೆಯಲ್ಲಿ ಯಾರೂ ಓದಲಾರರು. ಇದೂ ಬಚ್ಚಿಟ್ಟುಕೊಳ್ಳುವ ಒಂದು ದಾರಿಯೇ ಎಂದು ಗೊತ್ತಿದೆ. ಆದರೂ ಒಂದು ಕಡೆಯಾದರೂ ಸರಿಯಾಗಿ ಬರೆದಿರಲಿ. ಪೊರುತ್ತ ಕೇಳಬೇಕಾಗಿದ್ದ ಎಷ್ಟೋ ಜನರಲ್ಲಿ ನಾನು ಕೇಳದೆ ಬಿಟ್ಟವನು ಒಬ್ಬನೇ: ಮೇಷ್ಟ್ರ ಕಿರಿಯ ಮಗ, ಕಾವಲುಗಾರನ ತಮ್ಮ, ಈಗ ಸೀಟು ಹೊಲಿಯುವವನು. ಅವನು ಆ ದಿನ ಕುಡಿದಿರಲಿಲ್ಲ.