ಕೋಡಿಂಬಾಳದ ಅಕ್ಕುವಿನ ಪ್ಲೇಟು

ಕಬಕದ ಜಂಕ್ಷನ್ನಿನಲ್ಲಿ ಡೊಂಬಯ್ಯನ ಮೈಕ್ ಸೆಟ್ಟಿನ ಅಂಗಡಿಯಿತ್ತು. ಮದುವೆಯಿರಲಿ, ಉರೂಸಿರಲಿ, ಅವನ ಮೈಕು ಮರ ಏರಿ ಹಾಡುತ್ತಿತ್ತು. ಎಂಬತ್ತರ ದಶಕ ಕಾಲಿಟ್ಟಾಗ ಗಲ್ಫಿನಿಂದ ಬಂದವರ ಕೈಯಲ್ಲಿ ಟೇಪ್ ರೆಕಾರ್ಡರ್ ಕಾಣಿಸಿತು. ಜನ "ಕ್ಯಾಸೆಟ್ ಇಲ್ವಾ?" ಎಂದು ಕೇಳಿ ಬೇರೆ ಅಂಗಡಿಗೆ ಹೋಗತೊಡಗಿದರು. ಎಲ್ಲರೂ ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಗುಜರಿಗೆ ಹಾಕುತ್ತಿದ್ದ ಹೊತ್ತಿಗೆ ಡೊಂಬಯ್ಯ ಅವನ್ನು ಹೆಕ್ಕಿ ತರತೊಡಗಿದ.

ಹೆಂಡತಿ ಊರ್ಮಿಳಾ ಜ್ವರದಲ್ಲಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆ. ಮಕ್ಕಳಿರಲಿಲ್ಲ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಪುತ್ತೂರಿನ ಹಸನಬ್ಬನ ಗುಜರಿ ಅಂಗಡಿಗೆ ಹೋಗಿ ಕೂರುತ್ತಿದ್ದ. ಹಡಗಿನಲ್ಲಿ ದುಡಿದವರು ಯಾವಾಗಲೋ ತಂದು ಬಿಟ್ಟ ವಿದೇಶಿ ರೆಕಾರ್ಡುಗಳು ಅಲ್ಲಿ ಧೂಳು ತಿನ್ನುತ್ತಿದ್ದವು. ಅವುಗಳಲ್ಲೊಂದರ ಇಡೀ ಒಂದು ಬದಿಗೆ ಒಂದೇ ಹಾಡು. ಕೊಳಲಿನಿಂದ ಶುರುವಾಗಿ, ನಡುವೆ ಗಿಟಾರು ಗಾಯಗೊಂಡ ಪ್ರಾಣಿಯ ಹಾಗೆ ಊಳಿಟ್ಟು, ಕೊನೆಗೆ ಬರೀ ಗಾಳಿಯ ಸದ್ದಾಗಿ ಮುಗಿಯುತ್ತಿತ್ತು.

"ಎಂತ ಮಾರಾಯ, ಪ್ಲೇಟು ಹಾಳಾದ್ದಾ, ಅಲ್ಲ ಪದವೇ ಹಾಗಾ?" ಎಂದು ಹಸನಬ್ಬ ನಕ್ಕ.

ಡೊಂಬಯ್ಯನಿಗೆ ಅದರ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಅದು ತನಗೆ ಯಾಕೆ ಹಿಡಿಸಿತೆಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಜನವಿರಲಿಲ್ಲ.

ಒಂದು ದಿನ ಆ ರಾಶಿಯೊಳಗೆ ಸಣ್ಣದೊಂದು ರೆಕಾರ್ಡು ಸಿಕ್ಕಿತು. ಭತ್ತದ ನೇಜಿ ನೆಡುವಾಗ ಗದ್ದೆಯಲ್ಲಿ ಹೆಂಗಸರು ಹಾಡುವ ತುಳು ಪದ. ಒಂದು ಗಟ್ಟಿ ಸ್ವರ ಎತ್ತಿಕೊಟ್ಟರೆ ಉಳಿದವು ಹಿಂದಿನಿಂದ ಹಿಡಿಯುತ್ತಿದ್ದವು. ಲೇಬಲ್ಲಿನಲ್ಲಿ 'ಅಕ್ಕು ಮತ್ತು ಸಂಗಡಿಗರು, ಕೋಡಿಂಬಾಳ' ಎಂದಿತ್ತು. ಇಷ್ಟು ಹತ್ತಿರದ ಊರಿನ ಪದ ತನ್ನ ಕಿವಿಗೆ ಯಾವತ್ತೂ ಬೀಳಲಿಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಮರುದಿನವೇ ಸೆಲ್ಲಿನಲ್ಲಿ ಓಡುವ ಪೆಟ್ಟಿಗೆ ಪ್ಲೇಯರನ್ನು ಹಿಡಿದು ಕಡಬದ ಬಸ್ಸು ಹತ್ತಿದ.

ಕೋಡಿಂಬಾಳದಲ್ಲಿ ಮನೆ ವಿಚಾರಿಸಿಕೊಂಡು ಹೋದಾಗ ಅಕ್ಕು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನು ರೆಕಾರ್ಡು ತೋರಿಸಿದ.

"ಹೌದು, ಯಾರೋ ಬಂದು ನಮ್ಮನ್ನೆಲ್ಲ ವ್ಯಾನಲ್ಲಿ ಮಂಗಳೂರಿಗೆ ಕರ್ಕೊಂಡು ಹೋಗಿದ್ರು. ಪ್ಲೇಟು ಕಳಿಸ್ತೇವೆ ಅಂದಿದ್ರು. ಬರ್ಲೇ ಇಲ್ಲ. ನಾವೂ ಮರ್ತೆವು."

ಅವನು ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಅಕ್ಕು ಕೈ ನಿಲ್ಲಿಸಲಿಲ್ಲ. ತನ್ನದೇ ಸ್ವರ ಬಂದಾಗಲೂ ಎಲೆ ಸುತ್ತುತ್ತಲೇ ಇದ್ದಳು. ಪದ ಅರ್ಧಕ್ಕೆ ಬಂದಾಗ ಮಾತ್ರ ಅವಳ ಬೆರಳು ನಿಂತವು.

"ಇದು ಅಮ್ಮು. ನನ್ನ ತಂಗಿ."

ಹಿಂದಿನ ಸ್ವರಗಳಲ್ಲಿ ಒಂದು ಸಣ್ಣಗೆ, ಪ್ರತಿ ಸಲವೂ ಚೂರು ತಡವಾಗಿ ಬರುತ್ತಿತ್ತು.

"ಯಾವಾಗ್ಲೂ ಹಿಂದೆ ಬೀಳುದು ಅವಳು. ನಾನು ಬೈತಿದ್ದೆ. ಕೇಳಿ, ಇಲ್ಲಿ ಉಸಿರು ತೆಗಿತಾಳೆ. ಹೋಗಿ ಏಳು ಮಳೆಗಾಲ ಆಯ್ತು." ಕೈಯಲ್ಲಿದ್ದ ಎಲೆಯನ್ನು ಬದಿಗಿಟ್ಟು ಕೇಳಿದಳು: "ಇನ್ನೊಮ್ಮೆ ಹಾಕ್ತೀರಾ?"

ಅವನು ಹಾಕಿದ. ಮತ್ತೂ ಹಾಕಿದ. ಕೊನೆಗೆ ಅಕ್ಕು ಕಣ್ಣೊರೆಸಿಕೊಂಡು ಕೇಳಿದಳು, "ನಿಮ್ಮ ಮನೆಯಲ್ಲಿ ಯಾರೆಲ್ಲ ಇದ್ದಾರೆ?"

"ಯಾರೂ ಇಲ್ಲ ಅಕ್ಕಾ. ಹೆಂಡತಿ ಹೋಗಿದ್ದಾಳೆ."

"ಅವಳು ಪದ ಹೇಳ್ತಿದ್ದಳಾ?"

"ಗೊತ್ತಿಲ್ಲ. ನಾನು ಯಾವಾಗ್ಲೂ ಮೈಕ್ ಹಿಡ್ಕೊಂಡು ಊರೂರು."

ಹೊರಡುವಾಗ ಪ್ಲೇಯರನ್ನೂ ರೆಕಾರ್ಡನ್ನೂ ಅಲ್ಲೇ ಬಿಟ್ಟ. ಆಮೇಲೆ ಆಗಾಗ ಹೋಗುತ್ತಿದ್ದ. ಒಮ್ಮೆ ಆ ಉದ್ದದ ವಿದೇಶಿ ಹಾಡನ್ನೂ ಕೇಳಿಸಿದ. ಅಕ್ಕು ನಗದೆ ಕೊನೆಯವರೆಗೂ ಕೇಳಿ, "ಪಾಪ, ಇವನಿಗೆ ಹಿಂದಿನಿಂದ ಹಿಡಿಲಿಕ್ಕೆ ಯಾರೂ ಇರ್ಲಿಲ್ಲ ಕಾಣ್ತದೆ" ಅಂದಳು. ಡೊಂಬಯ್ಯ ಬಸ್ಸಿನುದ್ದಕ್ಕೂ ಆ ಮಾತನ್ನೇ ನೆನೆಯುತ್ತ ಬಂದ.

ಎರಡು ವರ್ಷ ಹೀಗೇ ನಡೆಯಿತು. ಒಂದು ಮಳೆಗಾಲ ಮುಗಿದ ಮೇಲೆ ಹೋದಾಗ ಬಾಗಿಲಿಗೆ ಬೀಗ. ಬೇಲಿಯಾಚೆಯಿಂದ ನೆರೆಯ ನೆಬೀಸ ಪ್ಲೇಯರನ್ನೂ ರೆಕಾರ್ಡನ್ನೂ ಎತ್ತಿಕೊಂಡು ಬಂದಳು.

"ಆಟಿ ತಿಂಗಳ ಮಳೆಯಲ್ಲಿ ತೀರಿಹೋದ್ರು. ನಿಮಗೆ ಹೇಳಿ ಕಳಿಸುವಾ ಅಂದ್ರೆ ಹೆಸರೇ ಗೊತ್ತಿಲ್ಲ. ಪ್ಲೇಟಿನವರು ಅಂತಲೇ ಅವರು ಹೇಳುದು. ಒಮ್ಮೆ ಹಾಕಿ ಅಣ್ಣಾ, ನಾವೂ ದಿನಾ ಕೇಳ್ತಿದ್ದೆವು."

ಅವನು ಹಾಕಿದ. ಸೆಲ್ಲು ಇಳಿದಿತ್ತು. ಅಕ್ಕುವಿನ ಸ್ವರ ಎಳೆದೆಳೆದು, ಗಂಡಸಿನ ಸ್ವರದ ಹಾಗೆ ದಪ್ಪಗೆ ಬಂತು. ಸಣ್ಣ ಸ್ವರ ಕೇಳಿಸಲೇ ಇಲ್ಲ. ಡೊಂಬಯ್ಯ ತಟ್ಟನೆ ಮುಳ್ಳು ಎತ್ತಿದ.

"ಕಡಬದಿಂದ ಹೊಸ ಸೆಲ್ ಹಾಕಿಸಿ ತರ್ತೇನೆ" ಎಂದು ಹೇಳಿ ಪೆಟ್ಟಿಗೆ ಹಿಡಿದು ಹೊರಟ. ಸೆಲ್ಲನ್ನು ಕೊಂಡದ್ದೂ ಹೌದು. ಆದರೆ ಪುತ್ತೂರಿನ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ಅಕ್ಕು ಇಲ್ಲದ ಆ ಅಂಗಳಕ್ಕೆ ಮತ್ತೆ ಕಾಲಿಡುವ ಧೈರ್ಯ ಅವನಿಗೆ ಬರಲಿಲ್ಲ. ಹತ್ತಿ ಕುಳಿತ.

ನೆಬೀಸ ಆ ಸಂಜೆ ಬಹಳ ಹೊತ್ತು ಕಾದಳೋ ಏನೋ. ಅವನು ಮತ್ತೆ ಕೋಡಿಂಬಾಳಕ್ಕೆ ಹೋಗಲಿಲ್ಲ.