ಓಲೆ ಬಿಚ್ಚಿ ಕೇಳಿದವಳು

ಹೆಡ್‌ಫೋನ್ ಹಾಕಿಕೊಳ್ಳುವ ಮೊದಲು ಅಕ್ಕ ಎರಡೂ ಕಿವಿಯ ಓಲೆ ಬಿಚ್ಚಿ ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ತುಟಿಗಳ ನಡುವೆ ಎರಡು ಕೆಂಪು ಹರಳು ಕಾಣುತ್ತಿದ್ದವು. ಅವು ಕಂಡವೆಂದರೆ ಹಾಡಲು ಬಂದವರು ಕೆಮ್ಮನ್ನೂ ನುಂಗಿಕೊಂಡು ಸುಮ್ಮನಾಗುತ್ತಿದ್ದರು. ಕೆಲಸ ಮುಗಿಯುವವರೆಗೆ ಅವಳು ಮಾತಾಡುತ್ತಿರಲಿಲ್ಲ. ಆಡಲೇಬೇಕಾದರೆ ಓಲೆಗಳನ್ನು ಅಂಗೈಗೆ ಉಗಿದುಕೊಂಡು ಬೈಯುತ್ತಿದ್ದಳು. ಬೈಗುಳ ಹೆಚ್ಚಾಗಿ ನನಗೇ.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮೂರು. ಅಪ್ಪ ಹೋದ ಮೇಲೆ ಹೊಗೆಸೊಪ್ಪು ಬೆಳೆಯುವುದು ನಿಂತು, ಸೊಪ್ಪು ಬೇಯಿಸುವ ಬ್ಯಾರನ್ ಖಾಲಿ ಬಿದ್ದಿತ್ತು. ದಪ್ಪ ಗೋಡೆ, ಕಿಟಕಿ ಇಲ್ಲ. ಗಂಡನ ಮನೆ ಬಿಟ್ಟು ಬಂದ ಅಕ್ಕ ಕೆಲವು ವರ್ಷ ಮೈಸೂರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ಆಮೇಲೆ ಈ ಬ್ಯಾರನ್ನಿಗೇ ಗೋಣಿತಾಟು, ಹಳೇ ಕಂಬಳಿ ಹೊಡೆದು ರೆಕಾರ್ಡಿಂಗ್ ರೂಮು ಮಾಡಿದಳು. ಕೆ.ಆರ್. ನಗರದ ಭಜನೆಯವರು, ಕೋಟೆ ಕಡೆಯ ಹಾಡುಗಾರರು ಬರುತ್ತಿದ್ದರು. ಬಂದವರೆಲ್ಲ ಮೈಗೆ ಹೊಗೆಸೊಪ್ಪಿನ ವಾಸನೆ ಹತ್ತಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಅವಳೇ ಕೆಲಸಕ್ಕೆ ಹಚ್ಚಿಕೊಂಡಳು. ವೈರು ಸುತ್ತುವುದು, ಮೈಕು ನಿಲ್ಲಿಸುವುದು, ಮುಗಿದ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಹಾಕುವುದು ನನ್ನ ಪಾಲು. ಗಿರಾಕಿಗಳಿಗೆ ನನ್ನನ್ನು ತೋರಿಸಿ, "ಇವನು ನನ್ ತಮ್ಮ. ಕಿವಿ ಐತೆ, ಕನ್ನಡಕ ತಗಲಾಕಕ್ಕೆ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಏನು ಬೇಯುತ್ತಿತ್ತೆಂದು ನನಗೊಬ್ಬನಿಗೆ ಗೊತ್ತು.

ದನಿಯ ಫೈಲಿಗೆ ಇಷ್ಟು ಬಿಟ್ ಅನ್ನುತ್ತಾರಲ್ಲ, ಆ ಬಿಟ್ ಅಂದರೇನು ಎಂದು ನಾನು ಮೊದಲ ಸಲ ಕೇಳಿದಾಗ ಅವಳು ಅಪ್ಪನ ಸೊಪ್ಪನ್ನೇ ನೆನಪಿಸಿದಳು. ಬೆಂದ ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ ಚಿಕ್ಕವಳಿದ್ದಾಗ ಅವಳದೇ ಆಗಿತ್ತು.

"ನಾಕೇ ಗುಡ್ಡೆ ಆಕು ಅಂದ್ರೆ ನಡೂ ಬಣ್ಣದ ಎಲೆ ಎಲ್ಲಿಗೋಯ್ತದೆ? ಯಾವ್ದೋ ಒಂದು ಗುಡ್ಡೆಗೆ ತಳ್ತೀವಿ. ದನೀನೂ ಅಂಗೇ ಕಣ್ಲಾ. ಬಿಟ್ಟು ಕಮ್ಮಿ ಮಾಡುದ್ರೆ ಗುಡ್ಡೆ ಕಮ್ಮಿ. ಸಣ್ಣ ದನಿ ಎಲ್ಲಾ ಸುಮ್ನೆ ಎಲ್ಲೋ ಸೇರ್ಕೊಂಡು ಸತ್ತೋಯ್ತದೆ. ಆಮೇಲೆ ಗುಡ್ಡೆ ಜಾಸ್ತಿ ಮಾಡ್ತೀನಿ ಅಂತ ಕುಂತ್ರೆ, ಬೆರ್ಸಿದ್ದನ್ನ ಬ್ಯಾರೆ ಮಾಡಾಕಾಯ್ತದಾ?"

ಹಾಡು ಹಿಡಿಯುವಾಗ ಇಪ್ಪತ್ನಾಲ್ಕು ಬಿಟ್ಟಿಗಿಂತ ಕಮ್ಮಿ ಇಡಬಾರದು. ಮೀಟರಿನ ಮುಳ್ಳು ಕೆಂಪಿನ ಹತ್ತಿರ ಹೋಗುವಷ್ಟು ಜೋರು ಮಾಡಬಾರದು, ಮೇಲೆ ಜಾಗ ಬಿಟ್ಟಿರಬೇಕು. ಹೊಸ ರೆಕಾರ್ಡರ್ ಬಂದ ಮೇಲೆ ಮೂವತ್ತೆರಡು ಬಿಟ್ ಫ್ಲೋಟಿನಲ್ಲಿ ಹಿಡಿಯತೊಡಗಿದಳು. ಅದರಲ್ಲಿ ಕಿರುಚಿದರೂ ಒಡೆಯುವುದಿಲ್ಲ, ಪಿಸುಗುಟ್ಟಿದರೂ ಕಳೆಯುವುದಿಲ್ಲ. ಆಮೇಲೆ ತಗ್ಗಿಸಿಕೊಳ್ಳಬಹುದು, ಏರಿಸಿಕೊಳ್ಳಬಹುದು. ಗಿರಾಕಿಗೆ ಕೊಡುವ ಕಡೆಯ ಪ್ರತಿ ಮಾತ್ರ ಹದಿನಾರು ಬಿಟ್. "ಅದಿನಾರು ಕೊಡಾಕೆ ಕಣ್ಲಾ, ಮಡೀಕಳಾಕಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಮಿಕ್ಸಿಂಗಿಗೆ ಕೂತಾಗ ಕಂಪ್ಯೂಟರಿನ ಪರದೆಗೆ ಟವಲು ಹೊದಿಸಿಬಿಡುತ್ತಿದ್ದಳು. ಕಣ್ಣು ನಡುವೆ ಬಾಯಿ ಹಾಕುತ್ತದೆ ಎಂಬುದು ಅವಳ ದೂರು.

ಹನಗೋಡಿನ ಒಬ್ಬ ಅಜ್ಜಿ ಬಂದು ಸೋಬಾನೆ ಪದ ಹಾಡಿದ್ದು ಆ ಹೊಸ ರೆಕಾರ್ಡರಿಗೆ. ಅಜ್ಜಿಯ ದನಿ ಗಳಿಗೆಗೆ ಇರುವೆ, ಗಳಿಗೆಗೆ ಆನೆ. ಗೊಣಗುವಂತೆ ಶುರುವಾಗಿ ಇದ್ದಕ್ಕಿದ್ದಂತೆ ಮಾಡು ಹಾರುವಂತೆ ಎತ್ತುತ್ತಿತ್ತು. ಅಕ್ಕ ಆವತ್ತು ಓಲೆ ಕಚ್ಚಿಕೊಂಡೇ ಅತ್ತಳು.

ಮಾರನೇ ವರ್ಷ ಅಕ್ಕನ ಕತ್ತಿನಲ್ಲಿ ಗಡ್ಡೆ ಎದ್ದಿತು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವನು ನಾನು. ಗಡ್ಡೆಗೆ ಕೊಡುವ ಈ ಔಷಧಿಯಿಂದ ಕೆಲವರಿಗೆ ಕಿವಿ ಮಂದವಾಗುತ್ತದೆ, ಇಲ್ಲದ ಸದ್ದು ಕೇಳುತ್ತದೆ ಎಂದು ಡಾಕ್ಟರು ಹೇಳಿದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಕೂದಲು ಹೋಗುತ್ತದೆ ಅಂದಾಗ ಹಿಡಿದಿರಲಿಲ್ಲ. ಬಸ್ಸಿನಲ್ಲಿ ಬರುವಾಗ, "ಜೀವ ಓದ್ರೆ ಓಗ್ಲಿ, ಕಿವಿ ಒಂದು ಉಳೀಲಿ" ಅಂದಳು.

ಅವಳು ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಬ್ಯಾರನ್ ನನ್ನ ಕೈಗೆ ಬಂತು. ಮದುವೆ ಡಿಜೆಯವರಿಗೆ ಹಾಡು ಕೂಡಿಸಿಕೊಡುವ ಕೆಲಸ ಹಿಡಿದೆ. ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ. ಅಕ್ಕನ ಫೈಲುಗಳು ಎಷ್ಟೊಂದು ಜಾಗ ತಿನ್ನುತ್ತಿದ್ದವು! ಎಲ್ಲವನ್ನೂ ಒಂದೇ ಏಟಿಗೆ ಹದಿನಾರು ಬಿಟ್ಟಿಗೆ ಇಳಿಸಿ, ಮೂಲ ಅಳಿಸಿಬಿಟ್ಟೆ. ಜೋರು ದನಿಯ ಮಟ್ಟ ತಗ್ಗಿಸಿಕೊಂಡು ಇಳಿಸಬೇಕೆಂಬುದನ್ನೂ ನೋಡಲಿಲ್ಲ. ಆಮೇಲೆ ಅಜ್ಜಿಯ ಪದ ಹಾಕಿ ಕೇಳಿದೆ. ಎತ್ತಿದ ದನಿಯೆಲ್ಲ ತಗಡಿನಂತೆ ಒಡೆದಿತ್ತು. ಸಣ್ಣ ದನಿಯಲ್ಲಿ ಮರಳು ಬಿದ್ದಿತ್ತು. ನನಗೆ ಕೇಳಿಸಿತು. ಕನ್ನಡಕ ತಗಲಾಕುವ ಕಿವಿಗೂ ಕೇಳಿಸಿತು.

ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಮೊಮ್ಮಗಳ ಮದುವೆಯಲ್ಲಿ, ಹಸೆಗೆ ಕೂರಿಸುವ ಹೊತ್ತಿಗೆ ಅಜ್ಜಿಯ ಪದವನ್ನೇ ಹಾಕಬೇಕೆಂದು ಅವರ ಮಗ ಹೇಳಿಕಳಿಸಿದ. ಚಿಕಿತ್ಸೆ ಮುಗಿಸಿ ಚೇತರಿಸಿಕೊಂಡಿದ್ದ ಅಕ್ಕ ತಾನೇ ಮಿಕ್ಸಿಂಗ್ ಮಾಡುತ್ತೇನೆಂದು ಹಟ ಹಿಡಿದಳು. ಅವಳು ಬರುವ ಮೊದಲೇ ಆ ಫೈಲನ್ನು ತಿರುಗಿ ಮೂವತ್ತೆರಡಕ್ಕೆ ಏರಿಸಿಟ್ಟೆ. ಸಂಖ್ಯೆ ವಾಪಸ್ಸು ಬಂತು. ಹೋದದ್ದು ಬರಲಿಲ್ಲ.

ಅಕ್ಕ ಓಲೆ ಬಿಚ್ಚಿ ಕಚ್ಚಿಕೊಂಡು ಕೂತಳು. ಪದ ಶುರುವಾಯಿತು. ಸ್ವಲ್ಪ ಹೊತ್ತಿಗೇ ಓಲೆ ಅಂಗೈಗೆ ಬಂದವು.

"ಲೇ, ಇದು ಒಡೀತಾ ಐತಲ್ಲೋ. ಏನಾರಾ ಮುಟ್ಟಿದ್ಯಾ?"

"ಇಲ್ಲಕ್ಕಾ. ನಂಗೇನೂ ಅಂಗೆ ಕೇಳ್ತಿಲ್ಲ."

ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಮಗನಿಗೂ ಕೇಳಿಸಿದಳು. ಸತ್ತ ತಾಯಿಯ ದನಿ ಕಿವಿಗೆ ಬಿದ್ದ ಅವನು ಕಣ್ಣೊರೆಸಿಕೊಂಡು, "ನಮ್ಮವ್ವನೇ ಕಣವ್ವಾ, ಎದ್ದು ಬಂದಂಗೈತೆ. ಏನೂ ಒಡ್ದಿಲ್ಲ ಬುಡಿ" ಅಂದ.

ಆಗ ಅಕ್ಕ ಎಂದೂ ಮಾಡದ ಕೆಲಸ ಮಾಡಿದಳು. ಪರದೆಯ ಮೇಲಿನ ಟವಲು ಎಳೆದು ಫೈಲಿನ ವಿವರ ನೋಡಿದಳು. "ಮೂವತ್ತೆರಡೇ ಐತಲ್ಲ" ಎಂದು ತನಗೆ ತಾನೇ ಅಂದುಕೊಂಡಳು. ದನಿಯ ಗೆರೆಯನ್ನು ಹಿಗ್ಗಿಸಿ ನೋಡಿದ್ದರೆ ಅದರ ತಲೆಗಳೆಲ್ಲ ಕತ್ತರಿಸಿಹೋಗಿದ್ದು ಕಾಣುತ್ತಿತ್ತು. ಅವಳ ಕೈ ಮೌಸಿನ ಕಡೆ ಹೋಗುತ್ತಿತ್ತು. ನಾನು ಹೇಳಿದೆ:

"ಡಾಕ್ಟ್ರು ಯೋಳಿದ್ರಲ್ಲಕ್ಕಾ."

ಕೈ ಅಲ್ಲೇ ನಿಂತಿತು. ನನ್ನ ಮುಖವನ್ನೇ ನೋಡಿದಳು. ಗಿರಾಕಿಗಳೆದುರು ನಕ್ಕಿದ್ದ ನಗುವಿಗೆಲ್ಲ ಆ ಗಳಿಗೆಯಲ್ಲಿ ಬಡ್ಡಿ ಸಮೇತ ವಸೂಲಿಯಾಯಿತು ಅನಿಸಿತು. ಸುಳ್ಳೇಕೆ ಬರೆಯಲಿ, ನನಗೆ ಸುಖವಾಯಿತು. ಅವಳು ಓಲೆಗಳನ್ನು ಸೀರೆಗೆ ಒರೆಸಿ ಕಿವಿಗೆ ಹಾಕಿಕೊಂಡಳು. "ಇನ್ನು ನೀನೇ ನೋಡ್ಕೊ ಕಣಪ್ಪ" ಎಂದು ಎದ್ದು ಹೋದಳು. ಅದುವರೆಗೆ ಅವಳು ನನ್ನನ್ನು ಅಪ್ಪ ಎಂದು ಕರೆದದ್ದಿಲ್ಲ.

ಮದುವೆಯಲ್ಲಿ ಆ ಒಡಕು ಪದವನ್ನೇ ದೊಡ್ಡ ಸ್ಪೀಕರಿನಲ್ಲಿ ಹಾಕಿದರು. ಹೆಂಗಸರೆಲ್ಲ ಅತ್ತರು. ಒಡೆದಿದೆ ಎಂದು ಯಾರೂ ಅನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಚೆನ್ನಾಗಿದೆ ಅನ್ನುವ ಒಬ್ಬೊಬ್ಬರ ಮುಖವನ್ನೂ ಅಕ್ಕ ನೋಡುತ್ತಿದ್ದಳು.

ಅಲ್ಲಿಂದಾಚೆಗೆ ಅವಳು ಬ್ಯಾರನ್ನಿಗೆ ಕಾಲಿಡಲಿಲ್ಲ. ಟಿವಿಯನ್ನೂ ದನಿ ಇಲ್ಲದೆ ನೋಡುತ್ತಿದ್ದಳು. ಈಗ ನಾನೇ ರೂಮು ನಡೆಸುತ್ತೇನೆ. ಇಪ್ಪತ್ನಾಲ್ಕಕ್ಕಿಂತ ಕಮ್ಮಿ ಹಿಡಿಯುವುದಿಲ್ಲ, ಮೇಲೆ ಜಾಗ ಬಿಡುತ್ತೇನೆ, ಮೂಲ ಅಳಿಸುವುದಿಲ್ಲ. ಬಂದವರು ನನ್ನ ಕೆಲಸವನ್ನು ಹೊಗಳಿದಾಗ ಅದು ಯಾರ ಕೆಲಸವೆಂದು ನಾನು ಹೇಳುವುದಿಲ್ಲ.

ಗಡ್ಡೆ ಮತ್ತೆ ಬಂತು. ಕೊನೆಯ ದಿನಗಳಲ್ಲಿ ಅವಳನ್ನು ಬಚ್ಚಲಿಗೆ ಹತ್ತಿರದ ಕೋಣೆಯಲ್ಲಿ ಮಲಗಿಸಿದ್ದೆ. ಒಂದು ಮಧ್ಯಾಹ್ನ ನಾನು ಒಳಗೆ ಹೋದಾಗ ಅವಳು ಓಲೆ ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಏನನ್ನೋ ಆಲಿಸುತ್ತಿದ್ದಳು. ನನ್ನನ್ನು ನೋಡಿ ಓಲೆಗಳನ್ನು ಅಂಗೈಗೆ ತೆಗೆದಳು.

"ಲೇ, ಬಚ್ಚಲ ನಲ್ಲಿ ತೊಟ್ಟಿಕ್ತಾ ಐತಾ, ಇಲ್ಲಾ ನನ್ ಕಿವೀಲಾ?"

ನಲ್ಲಿ ತೊಟ್ಟಿಕ್ಕುತ್ತಿತ್ತು. ನಲ್ಲಿಯೇ ಅಂದಿದ್ದರೆ ಅವಳ ಕಿವಿ ಅವಳಿಗೆ ಸಿಕ್ಕುತ್ತಿತ್ತು. ಆಮೇಲೆ ಅಜ್ಜಿಯ ಪದ ಏಕೆ ಒಡೆಯಿತೆಂದೂ ಕೇಳುತ್ತಿದ್ದಳು.

"ನಿನ್ ಕಿವೀಲಿ ಕಣಕ್ಕಾ" ಅಂದೆ. ನೀರು ತರುವ ನೆಪದಲ್ಲಿ ಬಚ್ಚಲಿಗೆ ಹೋಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದೆ.

"ನಿಂತೋಯ್ತು" ಅಂದಳು ಅಕ್ಕ. ಅವಳ ಕಣ್ಣು ನನ್ನ ಒದ್ದೆ ಕೈಯ ಮೇಲಿತ್ತು. "ಅಜ್ಜಿ ಪದಾನೂ ಇಂಗೇ ಏನ್ಲಾ?"

ಕೈಯನ್ನು ಪಂಚೆಗೆ ಒರೆಸಿಕೊಂಡೆ. "ಇಲ್ಲಕ್ಕಾ. ಮನಿಕ್ಕೊ."

ಅವಳು ಮತ್ತೆ ಓಲೆ ಹಾಕಿಕೊಳ್ಳಲಿಲ್ಲ. ಸಾಯುವವರೆಗೂ ಬರೀ ಕಿವಿಯಲ್ಲೇ ಇದ್ದಳು. ನಾನು ಮಾತಾಡಿಸಿದಾಗಲೆಲ್ಲ ಕಣ್ಣು ಮುಚ್ಚಿ, ಹಾಡುವವರನ್ನು ಕೇಳುತ್ತಿದ್ದ ಹಾಗೆಯೇ ಮಾತು ಮುಗಿಯುವವರೆಗೂ ಕೇಳಿಸಿಕೊಳ್ಳುತ್ತಿದ್ದಳು.